ಶೇಂಗಪ್ಪ ಏನಂತಾನೆ?

ಮೊರದ ಹಿಂದೆ ಕೂತವನು ಬಾಯಿಗೆ ಬಂದದ್ದನ್ನೆಲ್ಲ ಹೇಳಬಾರದು ಎಂಬುದು ನನಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ತಪ್ಪು ನನ್ನದೇ. ಆದರೆ ನನ್ನ ಜಾಗದಲ್ಲಿ ನೀವಿದ್ದು, ಎದುರಿಗೆ ಚಾಪೆಯ ಮೇಲೆ ಕಸ್ತೂರೆವ್ವ ಕೂತಿದ್ದರೆ ನೀವೂ ಹೇಳುತ್ತಿದ್ದಿರಿ. ಇಲ್ಲ, ನಾವು ಹೇಳುತ್ತಿರಲಿಲ್ಲ ಎನ್ನುವವರು ಇಲ್ಲಿಗೇ ಎದ್ದು ತಮ್ಮ ಕೆಲಸ ನೋಡಿಕೊಳ್ಳಬಹುದು, ನನಗೇನೂ ಬೇಜಾರಿಲ್ಲ.

ನಮ್ಮೂರಲ್ಲಿ ಓಣಿಗೊಂದು ಆಟ. ಭಾನುವಾರ ಊಟ ಮುಗಿಸಿ ಮೂರು ಗಂಟೆಗೆ ಕೂರುತ್ತೇವೆ. ಒಬ್ಬ ಹೇಳುವವನು, ಉಳಿದವರು ಆಡುವವರು. ಹೇಳುವವನು ತನ್ನ ಮುಂದೆ ಒಂದು ಮೊರವನ್ನು ಅಡ್ಡ ನಿಲ್ಲಿಸಿಕೊಂಡು, ಚೀಟಿಗಳನ್ನು ಅದರ ಮರೆಯಲ್ಲಿ ಇಟ್ಟುಕೊಂಡು, ಎಲ್ಲಿ ಏನಿದೆ, ಯಾರು ಬಂದರು, ಆಕಾಶ ಹೇಗಿದೆ ಎಂದು ಹೇಳುತ್ತಾನೆ. ಹೇಳಿ, ನೀವೇನು ಮಾಡುತ್ತೀರಿ ಎಂದು ಕೇಳುತ್ತಾನೆ. ಆಡುವವರು ತಾವು ಮಾಡುವುದನ್ನು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಆರು ಕವಡೆ ಹಾಕುತ್ತಾರೆ. ಹೆಚ್ಚು ಅಂಗಾತ ಬಿದ್ದರೆ ಆಯಿತು, ಹೆಚ್ಚು ಬೋರಲು ಬಿದ್ದರೆ ಕೆಟ್ಟಿತು. ಹೇಳುವವನು ಹೇಳಿದ್ದು ಸೋಮವಾರ ಬೆಳಿಗ್ಗೆಯಿಂದ ಓಣಿಯಲ್ಲಿ ಇರುತ್ತದೆ. ಆಡುವವರು ಹೇಳಿದ್ದು ತಾನಾಗಿ ಆಗುವುದಿಲ್ಲ, ಮುಂದಿನ ಭಾನುವಾರದೊಳಗೆ ಅವರೇ ಅದನ್ನು ಮಾಡಿ ಮುಗಿಸಬೇಕು. ಹಾಗಾಗಿ ಎರಡೂ ಕಡೆಯವರು ನಾಲಿಗೆಯನ್ನು ಹಿಡಿತದಲ್ಲಿ ಇಟ್ಟುಕೊಂಡೇ ಆಡುತ್ತಾರೆ.

ನನಗಿಂತ ಮುಂಚೆ ನಮ್ಮ ಓಣಿಯಲ್ಲಿ ಹೇಳುತ್ತಿದ್ದವಳು ಬಾಳಮ್ಮಜ್ಜಿ. ಅವಳಿಗೆ ಕಲ್ಪನಾಶಕ್ತಿ ಧಾರಾಳ, ನಮಗೆ ಅದರಿಂದ ತಾಪತ್ರಯವೂ ಧಾರಾಳ. ಅವಳ ಕಾಲದಲ್ಲಿ ಒಂದು ವಾರವೂ ನೆಮ್ಮದಿಯಿಂದ ಬಟ್ಟೆ ಒಣಹಾಕಿದವರಿಲ್ಲ. ಹಾರುವ ಆನೆಗಳು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತಿದ್ದವು. ಅವಳು ಕರೆಸಿದ ಒಂಟಿಗಣ್ಣಿನ ದರೋಡೆಕೋರ ಈಗಲೂ ಓಣಿಯ ಮೂಲೆಯಲ್ಲಿ ಬಾಳೆಹಣ್ಣು ಮಾರುತ್ತಾನೆ. ಒಳ್ಳೆಯ ಮನುಷ್ಯ, ಡಜನ್ ಕೇಳಿದರೆ ಹದಿಮೂರು ಕೊಡುತ್ತಾನೆ. ಇನ್ನೊಮ್ಮೆ ಅಜ್ಜಿ "ದೂರದಾಗ ಒಬ್ಬ ರಾಜ ಕಾಣ್ತಾನ" ಎಂದಳು, ಅಷ್ಟರಲ್ಲಿ ಕೆಮ್ಮು ಬಂತು, ಆಟ ಅಲ್ಲಿಗೇ ನಿಂತಿತು. ಆ ರಾಜ ಇವತ್ತಿಗೂ ದೂರದಲ್ಲೇ ಇದ್ದಾನೆ. ನೀವು ಎಷ್ಟು ನಡೆದರೂ ಅವನು ಅಷ್ಟೇ ದೂರ. ಹಬ್ಬಕ್ಕೆ ಒಂದು ಹೋಳಿಗೆ ಕೊಟ್ಟು ಬರೋಣವೆಂದರೆ ಪಾಪ, ಕೈಗೆ ಸಿಗುವುದಿಲ್ಲ.

ಆ ಕೆಮ್ಮಿನಲ್ಲೇ ಅಜ್ಜಿಯ ದನಿ ಹೋದ ಮೇಲೆ ಓಣಿಯವರು ಹೊಸಬರನ್ನು ಹುಡುಕಲು ಒಂದು ಪರೀಕ್ಷೆ ಇಟ್ಟರು. ಒಂದು ಮಾವಿನ ಮರವನ್ನು ವರ್ಣಿಸಬೇಕು. ಒಬ್ಬ ಕೋಗಿಲೆ ಸೇರಿಸಿದ, ಒಬ್ಬ ಮರದ ಬುಡದಲ್ಲಿ ಹಾವು ಇಟ್ಟ, ಇಬ್ಬರನ್ನೂ ಮನೆಗೆ ಕಳಿಸಿದರು. ನನ್ನ ಸರದಿ ಬಂತು. "ಮಾವಿನ ಮರ ಐತಿ. ಎತ್ತರ ಐತಿ" ಎಂದು ಹೇಳಿ ಕೂತುಬಿಟ್ಟೆ. ಒಮ್ಮತದಿಂದ ಆರಿಸಿದರು. ನನ್ನ ಹೆಸರು ಗುರುಪಾದ, ಕಸುಬು ಹೊಲಿಗೆ, ಅಳತೆಗಿಂತ ಒಂದು ಇಂಚು ಬಟ್ಟೆ ಹೆಚ್ಚು ಕತ್ತರಿಸಿದವನಲ್ಲ. ಅಲ್ಲಿಂದ ಹನ್ನೊಂದು ವರ್ಷ ನಾನು ಪ್ರತಿ ಭಾನುವಾರ ಹೇಳಿದ್ದು ಒಂದೇ: ಬೆಳಗಾಯಿತು, ನಲ್ಲಿಯಲ್ಲಿ ನೀರು ಬಂತು, ಗಾಳಿ ಹಿತವಾಗಿದೆ, ನೀವೇನು ಮಾಡುತ್ತೀರಿ. ಓಣಿ ತಣ್ಣಗಿತ್ತು.

ಆಡುವವರು ಮೂವರು. ಸೈಕಲ್ ರಿಪೇರಿಯ ಹುಸೇನಸಾಬ, ಕಡ್ಡಿಯಂಥ ಮನುಷ್ಯ, ಬಿಡುವಿನಲ್ಲಿ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಾನೆ, ಇರುವೆಯನ್ನೂ ದಾಟಿಕೊಂಡು ಹೋಗುವವನು. ಆದರೆ ಆಟದಲ್ಲಿ ಏನು ಕಂಡರೂ "ಹೊಡೀತೀನಿ" ಎನ್ನುತ್ತಾನೆ. ಒಮ್ಮೆ ನಲ್ಲಿಯನ್ನೇ ಹೊಡೆಯುತ್ತೇನೆಂದು ಹೇಳಿ, ಆರೂ ಕವಡೆ ಅಂಗಾತ ಬಿದ್ದು, ಬುಧವಾರ ಕಣ್ಣೀರು ಹಾಕುತ್ತ ಸುತ್ತಿಗೆ ಹಿಡಿದು ಹೋಗಿ ಅದನ್ನು ಒಡೆದು ಬಂದ. ಎರಡನೆಯವರು ಸರೋಜಿನಿ ಟೀಚರ್, ನಿವೃತ್ತರು. ಆಟದ ನಿಯಮದ ಪುಸ್ತಕಕ್ಕೆ ಕಂದು ಕಾಗದದ ರಟ್ಟು ಹಾಕಿ ಮಡಿಲಲ್ಲಿ ಇಟ್ಟುಕೊಂಡಿರುತ್ತಾರೆ, ಪುಟದ ಸಂಖ್ಯೆ ಸಮೇತ ಬಾಯಿಪಾಠ. ಮೂರನೆಯವಳು ಹಿಟ್ಟಿನ ಗಿರಣಿಯ ಕಸ್ತೂರೆವ್ವ. ಗಂಡ ತೀರಿ ಬಹಳ ಕಾಲವಾಯಿತು, ಗಿರಣಿ ಅವಳೇ ನಡೆಸುತ್ತಾಳೆ, ಹುಬ್ಬಿನ ಮೇಲೆ ಯಾವಾಗಲೂ ಒಂದಿಷ್ಟು ಹಿಟ್ಟು.

ಕಸ್ತೂರೆವ್ವ ಆಟದಲ್ಲಿ ಎಂದೂ ಅವಸರ ಮಾಡಿದವಳಲ್ಲ. ನಾನು ಬಾಗಿಲಿದೆ ಎಂದರೆ, ಅದು ಒಳಗೆ ತೆರೆಯುತ್ತದೋ ಹೊರಗೋ ಎಂದು ಕೇಳುತ್ತಾಳೆ. ಗಾಳಿ ಹಿತವಾಗಿದೆ ಎಂದರೆ, ಯಾವ ದಿಕ್ಕಿನಿಂದ ಎಂದು ಕೇಳುತ್ತಾಳೆ. ಉತ್ತರ ಕೇಳಿ, ಅದನ್ನು ಮನಸ್ಸಿನಲ್ಲಿ ಒಮ್ಮೆ ನೋಡಿ, ಆಮೇಲೆ ತಾನೇನು ಮಾಡುತ್ತೇನೆಂದು ಹೇಳುತ್ತಾಳೆ. ನನ್ನಂಥ ಬರಡು ಮನುಷ್ಯ ಹೇಳಿದ್ದನ್ನು ಒಬ್ಬರು ಅಷ್ಟು ಗಮನವಿಟ್ಟು ಕೇಳಿದರೆ ಅವನ ಗತಿ ಏನಾಗಬೇಕೋ ಅದೇ ಆಯಿತು. ಅವಳನ್ನು ಕಂಡರೆ ನನಗೆ ಜೀವ. ಆದರೆ ಅದನ್ನು ಹೇಳುವುದು ಹೇಗೆ? ಗಿರಣಿಗೆ ಹೋಗಿ ನಿಂತರೆ "ಸಣ್ಣಗ ಬೀಸ್ರಿ" ಎಂಬುದರ ಆಚೆ ನನಗೆ ಮಾತೇ ಹೊರಡುತ್ತಿರಲಿಲ್ಲ. ಆಟದಲ್ಲಿ ಹೇಳೋಣವೆಂದರೆ ಪುಸ್ತಕದ ನಾಲ್ಕನೇ ಪುಟ ಅಡ್ಡ ಬರುತ್ತದೆ: ಹೇಳುವವನು ತನ್ನನ್ನು ತಾನೇ ಆಟದೊಳಗೆ ತಂದುಕೊಳ್ಳಬಾರದು.

ಆಗ ನನಗೆ ಬುದ್ಧಿ ಓಡಿತು. ಎಂದೂ ಓಡದ ಬುದ್ಧಿ ಓಡಿದರೆ ನಾವು ಅದರ ಹಿಂದೆ ಹೋಗಬಾರದು. ನನ್ನನ್ನು ತರಬಾರದು ತಾನೆ, ನನ್ನಂಥ ಒಬ್ಬನನ್ನು ತಂದರೆ? ಅವನನ್ನು ಕಂಡು ಅವಳು ಏನು ಮಾಡುತ್ತಾಳೋ ನೋಡಿದರೆ, ನನ್ನ ವಿಷಯದಲ್ಲಿ ಅವಳ ಮನಸ್ಸು ಎಂಥದು ಎಂದು ತಿಳಿಯುತ್ತದಲ್ಲ. ಆ ಭಾನುವಾರ ನೀರು, ಗಾಳಿ ಎಲ್ಲ ಮುಗಿಸಿ, ಗಿರಣಿಯ ಮುಂದೆ ಒಬ್ಬ ಬಂದು ನಿಂತಿದ್ದಾನೆ ಎಂದೆ. ಹೊಲಿಗೆಯವನು, ಒಂಟಿ ಜೀವ, ವಯಸ್ಸು ಐವತ್ತು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ತಲೆಗೂದಲು ದಟ್ಟ ಎಂದು ಸೇರಿಸಿದೆ. ಎತ್ತರ ಆರಡಿ ಎಂದೆ. ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದೆ. ಟೀಚರ್ ಕನ್ನಡಕ ಏರಿಸಿ ನನ್ನ ಬೋಳು ತಲೆಯನ್ನು ನೋಡಿದರು.

ಅವನ ಹೆಸರೇನು ಎಂದು ಹುಸೇನಸಾಬ ಕೇಳಿದ. ಹೆಸರು ಯೋಚಿಸಿಯೇ ಇರಲಿಲ್ಲ. ಚೀಟಿಗಳನ್ನು ತಡಕಾಡಿದೆ. ಮೊರದ ಪಕ್ಕದಲ್ಲಿ ಹುರಿದ ಶೇಂಗಾದ ತಟ್ಟೆ ಇತ್ತು. "ಶೇಂಗಪ್ಪ" ಎಂದೆ. ಹುಸೇನಸಾಬ, ಹೊಡೆಯಲೇ ಎಂದು ಕೇಳಿದ. ಕಸ್ತೂರೆವ್ವ ಅವನನ್ನು ಸುಮ್ಮನಿರಿಸಿ, ಬಂದವರು ನಿಂತಿದ್ದಾರೋ ಕೂತಿದ್ದಾರೋ ಎಂದು ಕೇಳಿದಳು. ನಿಂತಿದ್ದಾರೆ ಎಂದೆ. ಹಾಗಾದರೆ ಕೂರಿಸಿ ಚಹಾ ಕೊಡುತ್ತೇನೆ, ಮಾತಾಡಿಸುತ್ತೇನೆ, ಇವತ್ತೊಂದೇ ದಿನವಲ್ಲ, ದಿನಾ ಬರಲಿ ಎಂದಳು. ಮನೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಆ ಸಂತೋಷದಲ್ಲಿ ಮರುದಿನ ಸೋಮವಾರ ಎಂಬುದು ಮರೆತೇಹೋಯಿತು.

ಸೋಮವಾರ ಬೆಳಿಗ್ಗೆ ಎಂಟರ ಬಸ್ಸಿನಿಂದ, ತಲೆಯ ಮೇಲೆ ಹೊಲಿಗೆ ಮಷಿನ್ ಹೊತ್ತುಕೊಂಡು, ಶೇಂಗಪ್ಪ ಇಳಿದ. ನನ್ನನ್ನೇ ಬಿಚ್ಚಿ ಒಳ್ಳೆಯ ಬಟ್ಟೆಯಲ್ಲಿ ಮತ್ತೆ ಹೊಲಿದಂತಿದ್ದ. ಯಾರೋ ಏನೋ ಕೇಳಿದರು, ನಕ್ಕ, ಗುಳಿ ಬಿತ್ತು. ಓಣಿಯ ಹೆಂಗಸರೆಲ್ಲ ಒಮ್ಮೆಲೇ ತಮ್ಮ ರವಿಕೆಗಳು ಬಿಗಿಯಾಗಿವೆ, ಸಡಿಲವಾಗಿವೆ ಎಂದು ನೆನಪಿಸಿಕೊಂಡರು. ನನ್ನ ಅಂಗಡಿಯ ಎದುರಿಗೇ ಖಾಲಿ ಕೋಣೆ ಹಿಡಿದ. ಗುರುವಾರದ ಹೊತ್ತಿಗೆ ನನ್ನ ಬಳಿ ಉಳಿದದ್ದು ಹುಸೇನಸಾಬನ ಬ್ಯಾಂಡಿನ ಕೋಟು ಒಂದೇ. ಕಸ್ತೂರೆವ್ವ ಹೇಳಿದ ಮಾತಿನಂತೆ ದಿನಾ ಹನ್ನೊಂದು ಗಂಟೆಗೆ ಅವನನ್ನು ಗಿರಣಿಯ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದಳು. ನಾನು ಕಾಜಾ ಹೊಲಿಯುವ ನೆಪದಲ್ಲಿ ಬಾಗಿಲಲ್ಲಿ ಕೂತು ಅದನ್ನು ನೋಡಿ ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದೆ.

ಆದರೆ ಶೇಂಗಪ್ಪನಲ್ಲಿ ಒಂದು ಕೊರತೆ ಇತ್ತು. ನಾನು ಹೇಳಿದ್ದಷ್ಟೇ ಅವನು. ಊರು, ಬಂಧು, ಬಳಗ, ಇಷ್ಟಾನಿಷ್ಟ ಒಂದನ್ನೂ ನಾನು ಹೇಳಿರಲಿಲ್ಲ, ಹಾಗಾಗಿ ಅವನಿಗೆ ಗೊತ್ತಿರಲಿಲ್ಲ. ಮಂಗಳವಾರ ಕಸ್ತೂರೆವ್ವ ಏನೋ ಕೇಳಿದಳು. ಅವನು ಲೋಟ ಕೆಳಗಿಟ್ಟು, "ಕೇಳ್ಕೊಂಡು ಬರ್ತೀನ್ರಿ" ಎಂದು ಓಣಿ ದಾಟಿ ನನ್ನ ಮುಂದೆ ಬಂದು ನಿಂತ.

"ಅಣ್ಣಾರ, ನಂಗ ಅವ್ವ ಅದಾಳೇನ್ರಿ?" ಎಂದ.

ನನಗೆ ಸಿಟ್ಟು ಬಂದಿತ್ತು, ಆದರೆ ಆ ಮುಖ ನೋಡಿ ಕರಗಿಹೋಯಿತು. ಐವತ್ತು ವರ್ಷದ ಆರಡಿ ಮನುಷ್ಯ, ತನಗೆ ತಾಯಿ ಇದ್ದಾಳೋ ಇಲ್ಲವೋ ಎಂದು ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಾನೆ. ಕಟ್ಟಿ ಹೇಳಲು ನನಗೆ ಬರುವುದಿಲ್ಲ, ಗೊತ್ತಿದ್ದದ್ದು ನನ್ನದೇ ಸಂಗತಿ. ಇದ್ದಳು, ನಿನಗೆ ಹನ್ನೆರಡು ವರ್ಷವಿದ್ದಾಗ ತೀರಿದಳು, ನಿನಗೆ ಹೊಲಿಗೆ ಕಲಿಸಿದವಳು ಅವಳೇ ಎಂದೆ. ಅವನು ಕಣ್ಣೊರೆಸಿಕೊಂಡು ಓಡಿದ. ಐದು ನಿಮಿಷಕ್ಕೆ ಮತ್ತೆ ಬಂದ. ರೊಟ್ಟಿಯ ಜೊತೆ ಏನು ಸೇರುತ್ತದೆ? ಪುಂಡಿಪಲ್ಯ ಎಂದೆ. ಮತ್ತೆ ಬಂದ. ಹಾಡಲು ಬರುತ್ತದೆಯೇ? ಬರುವುದಿಲ್ಲ, ಆದರೆ ಮಷಿನ್ ತುಳಿಯುವಾಗ ಗುನುಗುತ್ತೀಯ ಎಂದೆ. ಹೀಗೆ ದಿನಾ. ಕಸ್ತೂರೆವ್ವನ ಪ್ರಶ್ನೆಗಳು ನಿಮಗೆ ಗೊತ್ತೇ ಇವೆ, ಬಾಗಿಲು ಒಳಗೆ ತೆರೆಯುತ್ತದೋ ಹೊರಗೋ ಎನ್ನುವ ತರಹದವು. ಒಂದು ಲೋಟ ಚಹಾಕ್ಕೆ ಶೇಂಗಪ್ಪ ಎಂಟು ಸಲ ಓಣಿ ದಾಟುತ್ತಿದ್ದ. ಓಣಿಯವರು ಸೈಕಲ್ ನಿಲ್ಲಿಸಿ ಅವನಿಗೆ ದಾರಿ ಬಿಡುವುದನ್ನು ರೂಢಿಸಿಕೊಂಡರು.

ನಾನು ಅವನನ್ನು ವಾಪಸ್ ಕಳಿಸಲೂ ನೋಡಿದೆ, ಸುಳ್ಳೇಕೆ ಹೇಳಲಿ. ಎರಡನೇ ಭಾನುವಾರ, ಶೇಂಗಪ್ಪನಿಗೆ ಊರಿನಿಂದ ಕಾಗದ ಬಂದಿದೆ, ತಕ್ಷಣ ಹೊರಡಬೇಕಂತೆ ಎಂದೆ. ಆ ಕಾಗದವನ್ನು ನಾನು ಓದಬಹುದೇ ಎಂದು ಕಸ್ತೂರೆವ್ವ ಕೇಳಿ ಕವಡೆ ಹಾಕಿದಳು. ಐದು ಅಂಗಾತ. ಕಾಗದದಲ್ಲಿ ಏನಿದೆ ಎಂದು ನಾನು ಯೋಚಿಸಿದ್ದರೆ ತಾನೆ? ಬೆವರು ಒರೆಸಿಕೊಂಡು, ಏನೂ ಬರೆದಿಲ್ಲ ಎಂದೆ. ಸೋಮವಾರ ಪೋಸ್ಟಿನವನು ಒಂದು ಖಾಲಿ ಕಾಗದ ತಂದುಕೊಟ್ಟ, ಶೇಂಗಪ್ಪ ಅದನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಂಡು ನೆಮ್ಮದಿಯಾಗಿ ಉಳಿದ.

ಮೂರನೇ ವಾರದ ಶುಕ್ರವಾರ ಅವನು ಬಂದಾಗ ಮುಖ ಸಪ್ಪಗಿತ್ತು. ಇಷ್ಟು ವಯಸ್ಸಾದರೂ ನಾನು ಮದುವೆ ಏಕೆ ಆಗಲಿಲ್ಲ ಎಂದು ಕೇಳುತ್ತಿದ್ದಾರೆ ಎಂದ. ನಾನು ಕತ್ತರಿ ಕೆಳಗಿಟ್ಟೆ. ಅಂದು ಅವನನ್ನು ಬಹಳ ಹೊತ್ತು ಕಾಯಿಸಿದೆ, ಆ ಕಡೆ ಚಹಾ ಆರಿಹೋಯಿತು. ಕೊನೆಗೆ ಅವನ ಕಿವಿಯಲ್ಲಿ ಹೇಳಿದೆ: ಒಬ್ಬರನ್ನು ಕೇಳಬೇಕೆಂದು ಎಷ್ಟೋ ಸಲ ಹೋಗಿದ್ದೇನೆ, ಹೋಗಿ ಬೇರೇನನ್ನೋ ಕೇಳಿ ಮನೆಗೆ ಬಂದಿದ್ದೇನೆ ಎಂದು ಹೇಳು. ಅವನು ಹೋಗಿ ಹೇಳಿದ್ದನ್ನು ದೂರದಿಂದ ನೋಡಿದೆ. ಕಸ್ತೂರೆವ್ವ ಅವನ ಮುಖ ನೋಡಲಿಲ್ಲ, ತಲೆ ಎತ್ತಿ ಓಣಿಯ ಈ ಕಡೆ ನೋಡಿದಳು. ನಾನು ತಕ್ಷಣ ಬಗ್ಗಿ, ಬೀಳದಿದ್ದ ಗುಂಡಿಯನ್ನು ನೆಲದ ಮೇಲೆ ಹುಡುಕಿದೆ.

ಆ ಭಾನುವಾರ ಮೊರ ನಿಲ್ಲಿಸಿ, ನೀರು ಬಂತು, ಗಾಳಿ ಬಂತು, ನೀವೇನು ಮಾಡುತ್ತೀರಿ ಎಂದು ಕೇಳಿದೆ. ಹುಸೇನಸಾಬ ಗಾಳಿಯನ್ನು ಹೊಡೆಯುತ್ತೇನೆ ಎಂದ. ಟೀಚರ್ ಪುಸ್ತಕ ಓದುತ್ತೇನೆ ಎಂದರು. ಕಸ್ತೂರೆವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ನಾನು ಶೇಂಗಪ್ಪನ್ನ ಕೇಳ್ತೀನಿ, ನನ್ನ ಮದುವಿ ಆಗ್ತೀಯೇನಂತ" ಎಂದಳು. "ಶೇಂಗಪ್ಪ ಏನಂತಾನ?"

ಮೂವರೂ ಮೊರದ ಕಡೆ ನೋಡಿದರು. ನಿಮಗೆ ನನ್ನ ಪಾಡು ಅರ್ಥವಾಗಬೇಕು. ಹೇಳುವವನು ಆಟದೊಳಗೆ ಕರೆದು ತಂದ ಜನರ ಬಾಯಿ ಅವನದೇ; ಶೇಂಗಪ್ಪ ಏನಂತಾನೆ ಎಂಬುದನ್ನು ನಾನೇ ಹೇಳಬೇಕು, ಹೇಳಿದ್ದು ಸೋಮವಾರದಿಂದ ನಿಜ. ಹೂಂ ಎನ್ನುತ್ತಾನೆ ಎಂದರೆ ಅವಳು ಅವನ ಪಾಲಾದಳು. ಒಲ್ಲೆ ಎನ್ನುತ್ತಾನೆ ಎಂದರೆ, ನಾಲ್ಕು ಜನರ ಎದುರು ಬಾಯಿಬಿಟ್ಟು ಕೇಳಿದ ಹೆಂಗಸಿನ ಮುಖಕ್ಕೆ, ಅದೂ ನನ್ನ ಬಾಯಿಂದ, ಒಲ್ಲೆ ಎಂದಂತಾಯಿತು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ. ಗಂಟಲು ಸರಿಮಾಡಿಕೊಂಡು, ಪಶ್ಚಿಮದಲ್ಲಿ ತುಸು ಮೋಡ ಕವಿದಿದೆ ಎಂದೆ.

"ಮೋಡಾ ಕೇಳಿಲ್ಲ" ಎಂದಳು ಕಸ್ತೂರೆವ್ವ.

ನಾನು ಎದ್ದೆ. ಎದ್ದು, ಮೊರವನ್ನು ಬಳಸಿ, ಮಂಡಿ ನೋಯುತ್ತಿದ್ದರೂ ಚಾಪೆಯ ಆ ಕಡೆಗೆ ಹೋಗಿ, ಹುಸೇನಸಾಬ ಮತ್ತು ಟೀಚರ್ ನಡುವೆ ಜಾಗ ಮಾಡಿಕೊಂಡು ಕೂತೆ. ಹೇಳುವವನ ಎದುರು ಕೂತರೆ ಆಟದ ಕೋಣೆ ಹೇಗೆ ಕಾಣುತ್ತದೆ ಎಂಬುದು ನನಗೆ ಹನ್ನೊಂದು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಟೀಚರ್ ಪುಸ್ತಕ ತೆರೆದರು. ಆಟದ ನಡುವೆ ಮೊರ ಬಿಟ್ಟು ಎದ್ದವನು ಜನ್ಮದಲ್ಲಿ ಮತ್ತೆ ಅದರ ಹಿಂದೆ ಕೂರುವಂತಿಲ್ಲ, ಪುಟ ಒಂಬತ್ತು, ಯೋಚಿಸಿದ್ದೀರಾ ಎಂದು ಕೇಳಿದರು. ಯೋಚಿಸಿಲ್ಲ, ಯೋಚಿಸಿದ್ದರೆ ಏಳುತ್ತಿರಲಿಲ್ಲ ಎಂದೆ.

ಅಷ್ಟರಲ್ಲಿ ಕಿಟಕಿಯ ಹೊರಗೆ ಉಸಿರಿನ ಸದ್ದು. ಶೇಂಗಪ್ಪ. ತನ್ನ ಹೆಸರು ಬಂದದ್ದು ಕೇಳಿ, ಉತ್ತರ ಪಡೆಯಲು ಎಂದಿನಂತೆ ಓಡಿಬಂದಿದ್ದ. ಮೊರದ ಹಿಂದಿನ ಖಾಲಿ ಜಾಗ ನೋಡಿದ, ನನ್ನನ್ನು ನೋಡಿದ. ಇನ್ನು ನಾನು ನಿನಗೆ ಏನನ್ನೂ ಹೇಳಲಾರೆನಪ್ಪ, ನೀನೇ ಹೇಳಬೇಕು ಎಂದೆ. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಒಲ್ಲೆನ್ರಿ" ಎಂದ. ತಾನೇ ಬೆಚ್ಚಿ, ಇನ್ನೊಮ್ಮೆ ಪ್ರಯತ್ನಿಸಿದ. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಂಗ ಪುಂಡಿಪಲ್ಯಾನೂ ಸೇರೂದಿಲ್ಲ. ಹೊಲಿಗೀನೂ ಸೇರೂದಿಲ್ಲ. ನಾನು ಬ್ಯಾಂಡಿನಾಗ ಡೊಳ್ಳ ಬಡೀತೀನ್ರಿ."

ಇಷ್ಟು ಹೇಳಿ, ಬದುಕಿನಲ್ಲಿ ಮೊದಲ ಸಲ ತನ್ನದೇ ನಗು ನಕ್ಕ. ಗುಳಿ ಒಂದೇ ಕೆನ್ನೆಯಲ್ಲಿ ಬಿತ್ತು. ಹುಸೇನಸಾಬ, ನಮ್ಮ ಬ್ಯಾಂಡಿಗೆ ಡೊಳ್ಳಿನವನು ಬೇಕಾಗಿಯೇ ಇತ್ತು ಎಂದು ಅವನನ್ನು ಒಳಗೆ ಕರೆದು ಶೇಂಗಾದ ತಟ್ಟೆ ಕೊಟ್ಟ. ಕೊಟ್ಟವನೇ, ಜಾಗ ಖಾಲಿ ಇದೆಯಲ್ಲ ಎಂದು, ಯಾರೂ ತಡೆಯುವ ಮುಂಚೆ ಮೊರದ ಹಿಂದೆ ಹೋಗಿ ಕೂತ. ಅವನ ಕಣ್ಣುಗಳು ಹೊಳೆಯುತ್ತಿದ್ದವು. ಮುಂದಿನ ಸೋಮವಾರಗಳನ್ನು ನೆನೆದು ಟೀಚರ್ ಹಣೆ ಒತ್ತಿಕೊಂಡರು.

"ನಿಮ್ಮ ಎದುರಿಗೆ ಕಸ್ತೂರಕ್ಕ ಕುಂತಾರ" ಎಂದ ಹುಸೇನಸಾಬ ನನಗೆ. "ನೀವೇನ್ ಮಾಡ್ತೀರಿ?"

ಈ ಪ್ರಶ್ನೆಯನ್ನು ಸಾವಿರ ಸಲ ಕೇಳಿದವನು ನಾನು. ಕೇಳಿಸಿಕೊಂಡವರ ಪಾಡು ಇಂಥದು ಎಂದು ತಿಳಿದಿದ್ದರೆ ಸ್ವಲ್ಪ ಮೆತ್ತಗೆ ಕೇಳುತ್ತಿದ್ದೆ. ನಾನು ಅವಳನ್ನು ಕೇಳುತ್ತೇನೆ ಎಂದೆ. ಏನಂತ ಎಂದ. ಅವಳು ಈಗ ಶೇಂಗಪ್ಪನನ್ನು ಕೇಳಿದಳಲ್ಲ, ಅದನ್ನೇ ಎಂದೆ. ಹುಸೇನಸಾಬ ಗಂಭೀರವಾಗಿ ಕವಡೆ ಮುಂದಿಟ್ಟ. ಅಂಗೈಯಲ್ಲಿ ಕುಲುಕಿ, ಕಣ್ಣು ಮುಚ್ಚಿ ಹಾಕಿದೆ. ಕಣ್ಣು ತೆರೆದಾಗ ಆರೂ ಬೋರಲು ಬಿದ್ದಿದ್ದವು.

ಶೇಂಗಪ್ಪ ಅಗಿಯುವುದನ್ನು ನಿಲ್ಲಿಸಿದ. ನಾನು ಆ ಆರು ಕವಡೆಗಳನ್ನು ನೋಡುತ್ತ ಕೂತೆ. ಮರೆಯಾಗಲು ಮೊರವೂ ಇಲ್ಲ, ಕೂತಿರಲು ಮುಖವೂ ಇಲ್ಲ. ಹುಸೇನಸಾಬ ದುಃಖದಿಂದ, ಆಮೇಲೆ ಸ್ವಲ್ಪ ಉತ್ಸಾಹದಿಂದ, ಈಗ ನೆಲ ಬಿರಿಯುತ್ತದೆ ಎಂದು ಶುರುಮಾಡಿದ. ಕಸ್ತೂರೆವ್ವ ಕೈ ಎತ್ತಿ ಅವನನ್ನು ತಡೆದು, ಹದಿನಾರನೇ ಪುಟ ಓದಿ ಎಂದು ಟೀಚರಿಗೆ ಹೇಳಿದಳು. ಟೀಚರ್ ಓದಬೇಕಾಗಿರಲಿಲ್ಲ, ಬಾಯಿಪಾಠವಿತ್ತು. ಆದರೂ ತೆರೆದು ಬೆರಳಿಟ್ಟು ಓದಿದರು. ಗಾಳಿ, ಮಳೆ, ಬೀಗ, ಗೋಡೆ, ಹೇಳುವವನು ಕರೆದು ತಂದ ಜನ, ಇವುಗಳಿಗೆ ಕವಡೆ. ಆಡುವವರೊಬ್ಬರು ಇನ್ನೊಬ್ಬ ಆಡುವವರನ್ನು ಏನಾದರೂ ಕೇಳಿದರೆ ಅದಕ್ಕೆ ಕವಡೆ ಇಲ್ಲ, ಕೇಳಿಸಿಕೊಂಡವರ ಮಾತೇ ಕೊನೆ.

ಕಸ್ತೂರೆವ್ವ ಕವಡೆಗಳನ್ನು ಒಟ್ಟುಗೂಡಿಸಿ ಹುಸೇನಸಾಬನ ಕಡೆ ಸರಿಸಿದಳು.

"ಮಷಿನ್ ಹೊತ್ಕೊಂಡು ಬಂದಾಂವ ಬ್ಯಾರೆ, ಮೂರು ವಾರ ನನ್ನ ಕೂಡ ಮಾತಾಡಿದಾಂವ ಬ್ಯಾರೆ" ಎಂದಳು. "ನಾ ಕೇಳಿದ್ದು ಮಾತಾಡಿದಾಂವನ್ನ. ಮೊರದ ಹಿಂದ ಇದ್ದಾಗ ನಿಮ್ಮನ್ನ ಹ್ಯಾಂಗ್ ಕೇಳ್ಲಿ, ಕೇಳಿದ್ರ ಮೋಡಾ ತೋರಸ್ತೀರಿ. ಈಗ ಈ ಕಡಿ ಬಂದೀರಿ. ನಾ ಏನ್ ಮಾಡ್ತೀನಂದ್ರ, ಹೂಂ ಅಂತೀನಿ."

ಹೇಳುವವನಾಗಿದ್ದರೆ ಆ ಹೊತ್ತಿಗೆ ಬಿಸಿಲು ಹೇಗಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದೆಲ್ಲ ನಿಮಗೆ ಹೇಳಬೇಕಿತ್ತು. ನಾನು ನೋಡಲಿಲ್ಲ. ಆಡುವವನಾಗಿ ನಾನು ಮಾಡಿದ ಮೊದಲ ಕೆಲಸವೆಂದರೆ, ಅಷ್ಟು ಜನರ ನಡುವೆ ಕೂತು ಗೊಳೋ ಎಂದು ಅತ್ತದ್ದು. ಇದಕ್ಕೆ ಕವಡೆ ಹಾಕಬೇಕೇ ಎಂದು ಹುಸೇನಸಾಬ ಮೆಲ್ಲಗೆ ಕೇಳಿದ. ಟೀಚರ್ ಪುಸ್ತಕ ಮುಚ್ಚಿ, ಬೇಡ, ಆಗುತ್ತಿದೆಯಲ್ಲ ಎಂದರು.